ಬೆರ್ಸಾಲ್ ಮನೆಯ ಬಡವ

ಸಾತೂರಿಯೋಗೆ ಒಂದು ಕೆಲಸ ಇತ್ತು. ದಿನಾ ಮಧ್ಯಾಹ್ನ ಒಂದು ಗಂಟೆಗೆ ಕಾಸಾ ಬೆರ್ಸಾಲ್ ಹೋಟೆಲಿಗೆ ಹೋಗಿ ಊಟ ಮಾಡುವುದು. ನಗಬೇಡಿ. ಇಪ್ಪತ್ತೆಂಟು ವರ್ಷ ಅವನು ಆ ಕೆಲಸವನ್ನು ಮಾಡಿದಷ್ಟು ನಿಯತ್ತಾಗಿ ನಮ್ಮೂರಿನ ಪಾದ್ರಿ ಪೂಜೆ ಮಾಡಿಲ್ಲ, ಮೇಯರು ಕುರ್ಚಿಯಲ್ಲಿ ಕೂತಿಲ್ಲ. ಜ್ವರ ಬಂದರೂ ಹೋದ. ಹಲ್ಲು ಕೀಳಿಸಿಕೊಂಡ ದಿನವೂ ಹೋಗಿ, ಒಂದೇ ದವಡೆಯಲ್ಲಿ ಅಗಿದು ತಟ್ಟೆ ಖಾಲಿ ಮಾಡಿ ಬಂದ. ಒಡಹುಟ್ಟಿದ ಅಕ್ಕನನ್ನು ಮಣ್ಣು ಮಾಡಿದ ದಿನ ಸ್ಮಶಾನದಿಂದ ನೇರವಾಗಿ ಅಲ್ಲಿಗೇ ನಡೆದ. ಜನ ಆಡಿಕೊಂಡರು. ಆಡಿಕೊಳ್ಳುವವರಿಗೇನು, ನಾಲಿಗೆಗೆ ಎಲುಬಿಲ್ಲ.

ಆ ಕೆಲಸ ಹುಟ್ಟಿದ್ದು ಹೇಗೆ ಅಂತ ಹೇಳದಿದ್ದರೆ ಅವನ ಕಥೆಯ ತಲೆಬುಡ ಸಿಗುವುದಿಲ್ಲ. ಕಾಸಾ ಬೆರ್ಸಾಲ್, ಅಂದರೆ ಬೆರ್ಸಾಲ್ ಮನೆ, ಶುರುವಾಗಿದ್ದು ಸಾವಿರದ ಏಳುನೂರ ಹತ್ತೊಂಬತ್ತರಲ್ಲಿ ಅಂತ ಅದರ ಬಾಗಿಲ ಮೇಲಿನ ಕಲ್ಲೇ ಹೇಳುತ್ತದೆ. ಕಟ್ಟಿಸಿದವನು ತೋರಿಬಿಯೋ ಬೆರ್ಸಾಲ್. ಹೇಸರಗತ್ತೆ ಹೊಡೆದುಕೊಂಡು ಮ್ಯಾಡ್ರಿಡ್ ದಾರಿ ಹಿಡಿದವರಿಗೆ ಅಲ್ಲಿ ಊಟ, ವೈನು, ಮಲಗುವುದಕ್ಕೆ ಒಂದು ಹೊರೆ ಹುಲ್ಲು ಸಿಗುತ್ತಿತ್ತು. ಅವನು ಹಾಕಿಸಿದ ಒಲೆಯಲ್ಲೇ ಇವತ್ತಿಗೂ ಕುರಿಮರಿ ಬೇಯುವುದು. ಇಟ್ಟಿಗೆಯ ಗುಮ್ಮಟ ಅದು. ಓಕ್ ಸೌದೆ ಉರಿದು ಉರಿದು, ಒಳಗಿನ ಇಟ್ಟಿಗೆ ಮಸಿ ಬಿಟ್ಟು ಬೆಳ್ಳಗಾಗುವ ತನಕ ಯಾವ ತಟ್ಟೆಯೂ ಅದರೊಳಗೆ ಹೋಗುವ ಹಾಗಿಲ್ಲ. ಒಲೆ ಸಾಚಾ, ಒಲೆ ಹಾಕಿಸಿದವನು ಮಾತ್ರ ಸಾಚಾ ಅಲ್ಲ. ಇಪ್ಪತ್ತು ವರ್ಷ ಮೊಲ ಅಂತ ಹೇಳಿ ದಾರಿಹೋಕರಿಗೆ ಬೆಕ್ಕು ಬಡಿಸಿದ ಪುಣ್ಯಾತ್ಮ. ಸಾಯುವ ಹೊತ್ತಿಗೆ ಹೆದರಿಕೆ ಹತ್ತಿತು. ಮಂಚದ ಸುತ್ತ ಬೆಕ್ಕುಗಳು ಕೂತು ನನ್ನನ್ನೇ ನೋಡುತ್ತಿವೆ ಅಂತ ಕಿರುಚುತ್ತಿದ್ದನಂತೆ. ಪಾದ್ರಿಯನ್ನು ಕರೆಸಿ ಉಯಿಲು ಬರೆಸಿದ.

ಒಲೆ ಹೊತ್ತಿದ ಪ್ರತಿ ದಿನ, ಅದರಿಂದ ಇಳಿದ ಮೊದಲ ತಟ್ಟೆ ಈ ಊರಿನ ಒಬ್ಬ ಬಡವನದು. ದುಡ್ಡು ಕೊಡುವ ಗಿರಾಕಿ ಬಿಷಪ್ಪೇ ಆಗಿದ್ದರೂ ಎರಡನೆಯವನು. ಬಡವ ಬಾಗಿಲಲ್ಲಿ ನಿಂತು ಉಣ್ಣಕೂಡದು. ಒಳಗೆ, ಬಿಳಿ ಬಟ್ಟೆ ಹಾಸಿದ ಮೇಜಿನ ಮುಂದೆ, ಕುರ್ಚಿಯಲ್ಲಿ ಕೂರಬೇಕು. ಒಬ್ಬನನ್ನು ಆರಿಸಿದರೆ ಅವನು ಸಾಯುವ ತನಕ ಅವನೇ. ಇನ್ನೂ ಒಂದು ಮಾತು ಬರೆಸಿದ್ದ ತೋರಿಬಿಯೋ, ಅದೇ ವಿಚಿತ್ರದ್ದು. ಉಂಡೆದ್ದ ಮೇಲೆ ಬಡವ ಉಪಕಾರ ಹೇಳಬಾರದು. ಮನೆಯ ಯಜಮಾನ ಅವನ ಮುಂದೆ ಬಂದು ನಿಂತು, ತಲೆ ತಗ್ಗಿಸಿ, 'ದೇವರು ನಿಮಗೆ ಒಳ್ಳೇದು ಮಾಡಲಿ' ಅನ್ನಬೇಕು. ಯಾಕೆಂದರೆ ಬಡವ ಉಣ್ಣುವುದು ತನ್ನ ಹೊಟ್ಟೆಗಲ್ಲ, ತೋರಿಬಿಯೋನ ಆತ್ಮಕ್ಕೆ. ಒಂದು ತಟ್ಟೆಗೆ ಒಂದು ಬೆಕ್ಕು ಮಾಫಿ ಅಂತ ನಮ್ಮೂರಿನ ಕುಡುಕರು ತಮಾಷೆ ಮಾಡುತ್ತಾರೆ.

ತಮಾಷೆ ಇರಲಿ, ಆ ಮನೆಯವರು ಮಾತು ತಪ್ಪಲಿಲ್ಲ. ಫ್ರೆಂಚರ ದಂಡು ಬಂದಾಗ, ಅಂತರ್ಯುದ್ಧದಲ್ಲಿ ಕುರಿ ಸಿಗದೆ ಒಲೆಗೆ ಬರೀ ಬ್ರೆಡ್ಡು ಹೋದಾಗ, ಆಗಲೂ ಮೊದಲನೆಯದು ಬಡವನ ಮುಂದೆ ಹೋಯಿತು. ಬೆರ್ಸಾಲ್ ಮನೆತನದ ಬಗ್ಗೆ ನಾನು ನೂರು ಬೈಗುಳ ಬೈಯಬಲ್ಲೆ. ಈ ಒಂದು ವಿಷಯದಲ್ಲಿ ಬೈಯುವ ಹಾಗಿರಲಿಲ್ಲ.

ಸಾತೂರಿಯೋ ಹುಟ್ಟಾ ಬಡವನೇನಲ್ಲ. ಊರಾಚೆಯ ಪೈನ್ ಕಾಡಿನಲ್ಲಿ ರಾಳ ಇಳಿಸುವ ಕೆಲಸ. ಮರದ ಮೈಗೆ ಕಚ್ಚು ಹಾಕಿ, ಕೆಳಗೆ ಮಣ್ಣಿನ ಕುಡಿಕೆ ಕಟ್ಟಿ, ತುಂಬಿದ್ದನ್ನು ಕಾರ್ಖಾನೆಗೆ ಹೊತ್ತು ಹಾಕುವುದು. ಅವನ ಅಪ್ಪನದೂ ಅದೇ ಕೆಲಸ, ಅಜ್ಜನದೂ ಅದೇ. ಅವನ ಕೈ ಹಿಡಿದರೆ ಬಿಡಿಸಿಕೊಳ್ಳುವುದು ಕಷ್ಟ, ಅಷ್ಟು ಅಂಟು. ಅದಕ್ಕೇ ಯಾವ ಹುಡುಗಿಯೂ ಕೈ ಹಿಡಿಯಲಿಲ್ಲ ಅಂತ ಅವನನ್ನು ಕಾಡಿಸುತ್ತಿದ್ದರು. ಮದುವೆಯಾಗದೆ ಅಕ್ಕನ ಜೊತೆ ಉಳಿದ. ಸಾವಿರದ ಒಂಬೈನೂರ ಎಂಬತ್ತೈದರಲ್ಲಿ ರಾಳದ ಕಾರ್ಖಾನೆ ಬಾಗಿಲು ಹಾಕಿತು. ಹೊರದೇಶದಿಂದ ಅಗ್ಗದ ರಾಳ ಬರುತ್ತಿದೆ ಅಂದರು. ನಲವತ್ತಮೂರು ವರ್ಷದ ಗಂಡಸು, ಬೇರೆ ಕಸುಬು ಗೊತ್ತಿಲ್ಲ. ಬೆಳಗಾದರೆ ಅಭ್ಯಾಸಬಲದಿಂದ ಕಾಡಿಗೆ ಹೋಗಿ, ಖಾಲಿ ಕುಡಿಕೆಗಳನ್ನು ನೋಡಿ, ಮಧ್ಯಾಹ್ನ ವಾಪಸ್ಸು ಬರುತ್ತಿದ್ದ. ಊರವರು ಎದುರಿಗೆ ಸಿಕ್ಕರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದ.

ಅದೇ ವರ್ಷ ಬೆರ್ಸಾಲ್ ಮನೆಯ ಹಿಂದಿನ ಬಡವ, ಕುರುಡು ಸಿರಿಯಾಕೋ, ತೀರಿಕೊಂಡ. ಹೋಟೆಲಿನ ಯಜಮಾನಿ ಆಗ ಎಂಗ್ರಾಸಿಯಾ ಅಮ್ಮನವರು. ಯಾವಾಗಲೂ ಕಪ್ಪು ಉಡುಪು, ನಗು ಕಡಿಮೆ, ಮಾತು ಅದಕ್ಕಿಂತ ಕಡಿಮೆ. ಪಾದ್ರಿಯ ಹತ್ತಿರ ವಿಚಾರಿಸಿ ಸಾತೂರಿಯೋಗೆ ಹೇಳಿ ಕಳಿಸಿದರು. ಹೇಳಲು ಬಂದವಳು ಅಡುಗೆಮನೆಯ ಪ್ರಿಸ್ಕಾ. ಅವನು ಅವಳ ಮುಖಕ್ಕೆ ಬಾಗಿಲು ಹಾಕಿದ. ತಾನು ಭಿಕ್ಷುಕನಲ್ಲ, ಬೇಕಾದರೆ ಹಸಿದು ಸಾಯುತ್ತೇನೆ ಅಂದ. ಪ್ರಿಸ್ಕಾ ಹಾಗೆಲ್ಲ ಬಿಡುವ ಹೆಂಗಸಲ್ಲ. ಬಾಗಿಲಾಚೆಯಿಂದಲೇ ಶುರು ಮಾಡಿದಳು.

"ಏ ಮಂಕೇ, ನಿನ್ನ ಬೇಡೋಕೆ ಯಾರು ಕರೆದ್ರು? ಉಣ್ಣೋಕೆ ಕರೀತಿರೋದು. ಅಲ್ಲಿ ಉಪಕಾರ ಆಗೋದು ಸತ್ತವನಿಗೆ, ನಿಂಗೆ ಬರೀ ದವಡೆ ನೋವು. ಕೆಲಸ ಇಲ್ಲ ಕೆಲಸ ಇಲ್ಲ ಅಂತ ಅಳ್ತಿದ್ದೆಯಲ್ಲ, ಇದೂ ಒಂದು ಕೆಲಸ ಅಂದ್ಕೊಂಡು ಬಾ."

ಎರಡು ದಿನ ಯೋಚಿಸಿ ಮೂರನೆಯ ದಿನ ಹೋದ. ಅಡುಗೆಮನೆಯ ಪಕ್ಕದಲ್ಲಿ, ಒಲೆಯ ಬಾಯಿ ಕಾಣುವ ಹಾಗೆ ಹಾಕಿದ ಪುಟ್ಟ ಮೇಜು. ಮಣ್ಣಿನ ತಟ್ಟೆಯಲ್ಲಿ ಕುರಿಮರಿಯ ಕಾಲುಭಾಗ, ಮೇಲಿನ ಚರ್ಮ ಹಪ್ಪಳದ ಹಾಗೆ ಗರಿಗರಿ, ಅಡಿಯಲ್ಲಿ ತೆಳ್ಳನೆಯ ರಸ. ಬ್ರೆಡ್ಡು, ಒಂದು ಲೋಟ ಕೆಂಪು ವೈನು. ಅವನಿಗೆ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ, ತಲೆ ಎತ್ತದೆ ಹೇಗೋ ಮುಗಿಸಿದ. ಆಗ ಎಂಗ್ರಾಸಿಯಾ ಅಮ್ಮನವರು ಬಂದರು. ಇಡೀ ಊರು ಯಾರಿಗೆ ತಲೆಬಾಗುತ್ತಿತ್ತೋ ಆ ಹೆಂಗಸು ಅವನ ಮುಂದೆ ನಿಂತು, ಕೈ ಜೋಡಿಸಿ, ತಲೆ ತಗ್ಗಿಸಿ, ಮೆಲ್ಲಗೆ ಆ ಮಾತು ಹೇಳಿದರು. ಬಾಯಿಪಾಠ ಒಪ್ಪಿಸಿದ ಹಾಗಲ್ಲ. ನಿಜವಾಗಿ ಹೇಳಿದರು.

ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ದುಡಿದಿದ್ದ. ಬಾಗಿಲು ಹಾಕುವ ದಿನ ಕೂಡ ಒಬ್ಬರು ಬಂದು ನಿನ್ನಿಂದ ಉಪಕಾರವಾಯಿತು ಅಂದಿರಲಿಲ್ಲ. ಸಾತೂರಿಯೋ ಮನೆಗೆ ಬಂದು, ಅಕ್ಕನಿಗೆ ಬೆನ್ನು ಹಾಕಿ ಕೂತು ಅತ್ತ. ಮಾರನೆಯ ದಿನದಿಂದ ಊರವರು ಎದುರಿಗೆ ಸಿಕ್ಕರೆ ರಸ್ತೆ ದಾಟುವುದನ್ನು ನಿಲ್ಲಿಸಿದ.

ಆಮೇಲೆ ನೋಡಬೇಕಿತ್ತು ಅವನ ಶಿಸ್ತು. ಬೆಳಗ್ಗೆ ಬರೀ ಕಾಫಿ. ಕೆಲಸಕ್ಕೆ ಹಸಿದೇ ಹೋಗಬೇಕು ಅಂತ. ಹನ್ನೆರಡೂವರೆಗೆ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ಹಾಕಿ ಹೊರಡುತ್ತಿದ್ದ. ತಟ್ಟೆ ಮುಂದೆ ಬಂದರೆ ಮೊದಲು ತೋರಿಬಿಯೋ ಹೆಸರಿನಲ್ಲಿ ಒಂದು ಪ್ರಾರ್ಥನೆ. ಒಂದು ಚೂರೂ ಬಿಡದೆ, ಅವಸರ ಮಾಡದೆ, ಸದ್ದು ಮಾಡದೆ ಉಣ್ಣುತ್ತಿದ್ದ. ಒಂದು ತುಣುಕು ಬಿಟ್ಟರೂ ಸತ್ತವನಿಗೆ ಅಷ್ಟು ಕಮ್ಮಿಯಾಯಿತು ಅಂತ ಅವನ ನಂಬಿಕೆ. ಹೋಟೆಲಿಗೆ ರಜೆ ಇರುವ ಸೋಮವಾರ ಅವನಿಗೆ ಏನು ಮಾಡುವುದೆಂದು ತೋಚುತ್ತಿರಲಿಲ್ಲ. ಒಂದು ಗಂಟೆಗೆ ಮೀನಿನ ಡಬ್ಬಿ ತೆರೆದು ನಿಂತೇ ತಿಂದು, ಮಂಗಳವಾರ ಯಾವಾಗ ಬರುತ್ತದೋ ಅಂತ ಕಾಯುತ್ತಿದ್ದ. ಉಂಡೆದ್ದ ಮೇಲೆ ಸಿಗುವ ಆ ಒಂದು ಮಾತು, ಅದಕ್ಕಾಗಿ ಅವನು ಬದುಕಿದ್ದ ಅಂದರೆ ಸುಳ್ಳಲ್ಲ.

ಎಂಗ್ರಾಸಿಯಾ ಅಮ್ಮನವರು ತೊಂಬತ್ತೊಂಬತ್ತರಲ್ಲಿ ಹೋದರು. ಮಗ ಲೆಯಾಂದ್ರೋ ಬಂದ. ಮ್ಯಾಡ್ರಿಡ್ಡಿನಲ್ಲಿ ಓದಿದವನು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು. ಅಷ್ಟು ಹೊತ್ತಿಗೆ ಹೆದ್ದಾರಿ ಬಂದಿತ್ತು, ಪ್ರವಾಸಿ ಬಸ್ಸುಗಳು ಬರತೊಡಗಿದ್ದವು. ಮುನ್ನೂರು ವರ್ಷದ ಒಲೆಯನ್ನು ಜನ ನೋಡುತ್ತಿದ್ದರು, ಆದರೆ ಒಲೆ ಎಲ್ಲ ಊರಲ್ಲೂ ಇದೆ. ಬಡವ ಇರುವುದು ಇಲ್ಲೊಂದೇ ಕಡೆ. ಅದು ಲೆಯಾಂದ್ರೋ ತಲೆಗೆ ಬೇಗ ಹೊಳೆಯಿತು.

ಮೊದಲು ಮೇಜು ಅಡುಗೆಮನೆಯ ಬದಿಯಿಂದ ಮುಂಬಾಗಿಲ ಪಕ್ಕದ ದೊಡ್ಡ ಕಿಟಕಿಗೆ ಬಂತು. ಬೆಳಕು ಚೆನ್ನಾಗಿದೆ ಮಾವ, ನಿಮ್ಮ ಕಣ್ಣಿಗೆ ಒಳ್ಳೆಯದು ಅಂದ ಲೆಯಾಂದ್ರೋ. ಆಮೇಲೆ ಒಂದು ಹಳೇ ಕಾಲದ ಕಂಬಳಿ ಮೇಲುಹೊದಿಕೆ ಬಂತು, ಚಳಿಗೆ ಅಂತ. ಜೂನ್ ತಿಂಗಳಲ್ಲೂ ಹೊದೆಯಬೇಕಾಯಿತು. ಗಡ್ಡ ಮೂರು ದಿನಕ್ಕೊಮ್ಮೆ ಹೆರೆದರೆ ಸಾಕು ಅಂದ. ಕನ್ನಡಕ ಜೇಬಲ್ಲಿರಲಿ ಅಂದ. ಹಳೇ ಬಡವರು ಕನ್ನಡಕ ಹಾಕುತ್ತಿರಲಿಲ್ಲವಂತೆ. ಒಂದೊಂದು ಸಲಕ್ಕೂ ಸಾತೂರಿಯೋ ಒಂದು ರಾತ್ರಿ ನಿದ್ದೆಗೆಟ್ಟ, ಒಂದೊಂದು ಸಲವೂ ಒಪ್ಪಿಕೊಂಡ. ಇದರಿಂದ ಸತ್ತವನಿಗೇನು ನಷ್ಟ ಅಂತ ತನಗೆ ತಾನೇ ಹೇಳಿಕೊಂಡ. ಅವನ ಫೋಟೋ ಇರುವ ಪೋಸ್ಟ್‌ಕಾರ್ಡು ಬಾಗಿಲ ಬಳಿ ಮಾರಾಟಕ್ಕೆ ಬಂತು. ಲೆಯಾಂದ್ರೋ ದಿನಾ ತಪ್ಪದೆ ಬಂದು ತಲೆ ಬಗ್ಗಿಸಿ ಆ ಮಾತು ಹೇಳುತ್ತಿದ್ದ, ಆದರೆ ಈಗ ಗಟ್ಟಿಯಾಗಿ, ಕೊನೆಯ ಮೇಜಿಗೂ ಕೇಳುವ ಹಾಗೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ಹೇಳುವವನು ಹೇಗೆ ಹೇಳಿದರೂ ಮಾತು ಮಾತೇ ತಾನೇ ಅಂತ ಸಾತೂರಿಯೋ ಅದನ್ನು ಎತ್ತಿಕೊಂಡು ಮನೆಗೆ ಹೋಗುತ್ತಿದ್ದ. ಇದನ್ನು ನೋಡಿ ನನಗೆ ಅವನ ಮೇಲೆ ಸಿಟ್ಟು ಬರುತ್ತಿತ್ತು, ನಿಜ ಹೇಳುತ್ತೇನೆ. ಆದರೆ ನನಗೆ ಹಾಗೆ ತಲೆಬಾಗಿ ಹೇಳುವವರು ಯಾರಿದ್ದಾರೆ? ಇದ್ದಿದ್ದರೆ ನಾನೂ ಕಂಬಳಿ ಹೊದೆಯುತ್ತಿದ್ದೆನೇನೋ.

ಅರವತ್ತೈದು ತುಂಬಿದಾಗ ಸರ್ಕಾರದಿಂದ ಪಿಂಚಣಿ ಬಂತು. ದೊಡ್ಡದೇನಲ್ಲ, ಏನೂ ಇಲ್ಲದವರಿಗೆ ಕೊಡುವಂಥದ್ದು. ಬೇರೆಯವರಾಗಿದ್ದರೆ ಸುಮ್ಮನೆ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಇವನಿಗೆ ಅವತ್ತಿನಿಂದ ಕಿರಿಕಿರಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಯಾರಾದರೂ ನಕ್ಕರೆ ಸಾಕು, ತನ್ನ ಪಿಂಚಣಿಗೇ ನಕ್ಕರು ಅನ್ನಿಸುತ್ತಿತ್ತು. ಒಂದು ಸೋಮವಾರ ಗಡ್ಡ ಹೆರೆದು, ಭಾನುವಾರದ ಕೋಟು ಹಾಕಿಕೊಂಡು ಲೆಯಾಂದ್ರೋ ಮುಂದೆ ಹೋಗಿ ನಿಂತ.

"ಯಜಮಾನ್ರೇ, ಸರ್ಕಾರ ನಂಗೆ ಪಿಂಚಣಿ ಕೊಡ್ತಿದೆ. ಉಯಿಲಿನ ಪ್ರಕಾರ ನಾನಿನ್ನು ಬಡವ ಅಲ್ಲ. ಬೇರೆಯವ್ರನ್ನ ನೋಡ್ಕೊಳ್ಳಿ."

ಲೆಯಾಂದ್ರೋ ಕುರ್ಚಿಯಲ್ಲೇ ಹಿಂದಕ್ಕೊರಗಿ ನಕ್ಕ. "ಆ ಪಿಂಚಣೀಲಿ ಒಂದು ಬೆಕ್ಕು ಸಾಕೋಕೂ ಆಗಲ್ಲ ಮಾವ. ಸುಮ್ನೆ ಬಂದು ಕೂತ್ಕೊಳ್ಳಿ. ಜನ ನಿಮ್ಮ ಮುಖ ನೋಡೋಕೆ ಬರ್ತಾರೆ."

ಸಾತೂರಿಯೋ ಹೊರಗೆ ಬಂದು ಉಸಿರು ಬಿಟ್ಟ. ತನ್ನ ಕರ್ತವ್ಯ ತಾನು ಮಾಡಿದ್ದಾಯಿತು, ಅವರೇ ಇರು ಅಂದರು. ಆದರೆ ಆ ಉಸಿರು ಬಿಟ್ಟಿದ್ದು ಇದೆಯಲ್ಲ, ಅದು ಅವನಿಗೇ ಸರಿಬರಲಿಲ್ಲ. ತಾನು ಬಿಟ್ಟುಕೊಡಲು ಹೋಗಿದ್ದನೋ, ಉಳಿಸಿಕೊಳ್ಳಲು ಹೋಗಿದ್ದನೋ? ಆರು ವರ್ಷ ಆ ಪ್ರಶ್ನೆಯನ್ನು ಕುರಿಮಾಂಸದ ಜೊತೆ ನುಂಗಿದ.

ಆಮೇಲೆ ಯೋರ್ದಾನ್ ಬಂದ. ಬಲ್ಗೇರಿಯಾದವನು, ಗಾರೆ ಕೆಲಸ ಮಾಡುತ್ತಿದ್ದವನು. ಎಲ್ಲೆಲ್ಲೂ ಮನೆ ಕಟ್ಟುವ ಭರಾಟೆ ಇದ್ದ ಕಾಲದಲ್ಲಿ ನಮ್ಮ ಕಡೆ ಅಂಥವರು ನೂರಾರು ಜನ ಬಂದಿದ್ದರು. ಕಟ್ಟುವುದು ನಿಂತಿತು, ಕೆಲವರು ಹೋದರು, ಹೋಗಲು ದಾರಿಯಿಲ್ಲದವರು ಉಳಿದರು. ಬೆರ್ಸಾಲ್ ಮನೆಯ ಗೋಡೆಗೆ ಒಮ್ಮೆ ಸುಣ್ಣ ಹೊಡೆದಿದ್ದವನೇ ಇವನು. ಅಲ್ಲೇ ಕೇಳಿದ್ದನಂತೆ ಮೊದಲ ತಟ್ಟೆಯ ಕಥೆ. ಎರಡು ಸಾವಿರದ ಹದಿಮೂರರ ಜನವರಿ, ಕಲ್ಲು ಸೀಳುವ ಚಳಿ. ಒಂದಕ್ಕೆ ಹತ್ತು ನಿಮಿಷ ಇರುವಾಗ ಟೋಪಿ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದ. ಬಡಿಸುವವರ ಮೇಸ್ತ್ರಿ ಅವನನ್ನು ಹೊಸಿಲಲ್ಲೇ ತಡೆದು, ಬಡವರು ಬಂದಾಗಿದೆ, ಜಾಗ ಖಾಲಿ ಇಲ್ಲ, ನಡಿ ಅಂದ.

ಯೋರ್ದಾನ್ ಜಗಳ ಮಾಡಲಿಲ್ಲ. ಕಿಟಕಿಯ ಕಡೆ ನೋಡಿ, ಕೇಳಿದ ಅಷ್ಟೇ. "ಆ ಅಜ್ಜಂಗೆ ಪಿಂಚಣಿ ಬರುತ್ತಂತೆ. ನಂಗೆ ಏನೂ ಬರಲ್ಲ. ಮತ್ತೆ ಬಡವ ಯಾರು ಅಂತೀರಿ?"

ಸಾತೂರಿಯೋಗೆ ಪ್ರತಿ ಅಕ್ಷರವೂ ಕೇಳಿಸಿತು. ತಟ್ಟೆ ಅವನ ಮುಂದೆ ಹೊಗೆಯಾಡುತ್ತಿತ್ತು. ಅವನು ಏಳಬೇಕಿತ್ತು. ಏಳಲಿಲ್ಲ. ಪ್ರಾರ್ಥನೆ ಮಾಡಿದ, ಉಂಡ, ಎಲುಬು ಬಿಟ್ಟು ಏನೂ ಉಳಿಸಲಿಲ್ಲ. ಲೆಯಾಂದ್ರೋ ಬಂದು ತಲೆ ಬಗ್ಗಿಸಿದ. ಆ ಹೊತ್ತಿಗೆ ಯೋರ್ದಾನ್ ಎದುರಿನ ಕಾರಂಜಿಯ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದ.

ಮಾರನೆಯ ದಿನವೂ ಕಟ್ಟೆಯ ಮೇಲೆ ಕೂತಿದ್ದ, ಅದರ ಮಾರನೆಯ ದಿನವೂ. ಬಯ್ಯಲಿಲ್ಲ, ಕೈ ತೋರಿಸಲಿಲ್ಲ, ಸುಮ್ಮನೆ ಕೂತಿರುತ್ತಿದ್ದ. ಸಾತೂರಿಯೋ ಕುರ್ಚಿ ತಿರುಗಿಸಿ ಕಿಟಕಿಗೆ ಬೆನ್ನು ಹಾಕಿ ಉಣ್ಣಲು ನೋಡಿದ. ಮಾವ, ಬೆನ್ನಿನ ಫೋಟೋ ಯಾರಿಗೆ ಬೇಕು ಅಂತ ಲೆಯಾಂದ್ರೋ ಕುರ್ಚಿಯನ್ನು ಮತ್ತೆ ತಿರುಗಿಸಿದ. ಸಾತೂರಿಯೋ ಪ್ರಿಸ್ಕಾ ಹತ್ತಿರ ಹೇಳಿಕೊಂಡ. ಅವಳಿಗೂ ಎಪ್ಪತ್ತು ಹತ್ತಿರ ಬಂದಿತ್ತು, ಮಂಡಿ ಹಿಡಿದುಕೊಂಡಿದ್ದರೂ ಬಡವನ ತಟ್ಟೆಯನ್ನು ತಾನೇ ಹೊರುತ್ತಿದ್ದಳು. ನಿನಗೆ ಹೊಟ್ಟೆ ತುಂಬಿದೆಯೋ ಇಲ್ಲವೋ ನೀನೇ ನೋಡಿಕೋ, ನನ್ನನ್ನು ಕೇಳಬೇಡ ಅಂದಳು. ಪಾದ್ರಿಯನ್ನು ಕೇಳಿದ. ಆತ, ಎರಡೂ ಸರಿ, ಮನಸ್ಸಿನ ಭಾವ ಮುಖ್ಯ ಅಂತ ಅಡ್ಡಗೋಡೆಯ ಮೇಲೆ ದೀಪ ಇಟ್ಟ.

ಫೆಬ್ರವರಿಯ ಮೊದಲ ವಾರ, ಸಂತ ಬ್ಲಾಸನ ಹಬ್ಬ ಕಳೆದ ಎರಡನೆಯ ದಿನ, ಬಿಲ್ಬಾವೊದಿಂದ ಒಂದು ಬಸ್ಸು ತುಂಬ ಜನ ಬಂದಿದ್ದರು. ಸಾತೂರಿಯೋ ಒಂದಕ್ಕೆ ಐದು ನಿಮಿಷ ಇರುವಾಗ ಬಂದವನು ಒಳಗೆ ಹೋಗಲಿಲ್ಲ. ನೇರ ಕಾರಂಜಿಯ ಕಟ್ಟೆಗೆ ಹೋಗಿ ಯೋರ್ದಾನ್‌ನ ತೋಳು ಹಿಡಿದು ಎಬ್ಬಿಸಿದ. ಬಾಗಿಲಲ್ಲಿ ಮೇಸ್ತ್ರಿ ಅಡ್ಡ ಬಂದರೆ ಅವನನ್ನು ಭುಜದಿಂದ ಸರಿಸಿದ. ಎಪ್ಪತ್ತೊಂದರ ಮುದುಕ, ಆದರೆ ರಾಳ ಹೊತ್ತ ಭುಜ. ಯೋರ್ದಾನ್‌ನನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ಗೂಟದಲ್ಲಿದ್ದ ಕಂಬಳಿ ತೆಗೆದು ಅವನ ಹೆಗಲಿಗೆ ಹೊದಿಸಿ, ಕುರ್ಚಿಯ ಹಿಂದೆ ನಿಂತುಕೊಂಡ. ಪ್ರಿಸ್ಕಾ ತಟ್ಟೆ ಹಿಡಿದು ಬಂದವಳು ಒಂದು ಕ್ಷಣ ನಿಂತಳು. ಸಾತೂರಿಯೋ ಮುಖ ನೋಡಿದಳು. ಆಮೇಲೆ ತಟ್ಟೆ ಇಟ್ಟು, ಉಣ್ಣು ಮಗ ಅಂದಳು.

ಯೋರ್ದಾನ್ ತನ್ನ ಕಡೆಯ ಪದ್ಧತಿಯಂತೆ ಬಲದಿಂದ ಎಡಕ್ಕೆ ಶಿಲುಬೆ ಗುರುತು ಮಾಡಿಕೊಂಡ. ಯಾರೋ ಕಿಸಕ್ಕೆಂದರು. ಚಾಕು ಮುಟ್ಟದೆ ಎರಡೂ ಕೈಯಲ್ಲಿ ಹಿಡಿದು ಉಂಡ, ಮೂಳೆಯ ಮಜ್ಜೆ ಹೀರಿದ, ಬ್ರೆಡ್ಡಿನಿಂದ ತಟ್ಟೆ ಒರೆಸಿದ. ಇಡೀ ಹೋಟೆಲು ನೋಡುತ್ತಿತ್ತು. ಅಷ್ಟು ಜನರ ಮುಂದೆ ಲೆಯಾಂದ್ರೋ ಏನು ಮಾಡಿಯಾನು? ಹಲ್ಲು ಕಚ್ಚಿ, ಮುಖದ ತುಂಬ ನಗು ತಂದುಕೊಂಡು, ಬಂದು ತಲೆ ಬಗ್ಗಿಸಿ ಆ ಮಾತು ಹೇಳಿದ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಸಾತೂರಿಯೋಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಹೊಟ್ಟೆಕಿಚ್ಚಾಯಿತು. ತನಗೆ ಬರಬೇಕಾದ ಮಾತು ತನ್ನ ಕಣ್ಣೆದುರೇ ಇನ್ನೊಬ್ಬನಿಗೆ ಹೋಯಿತು ಅಂತ ಎದೆ ಉರಿಯಿತು. ಆ ಉರಿಗೆ ನಾಚಿಕೊಂಡು ನೆಲ ನೋಡುತ್ತ ನಿಂತ.

ಬಸ್ಸು ಹೋದ ಮೇಲೆ ಲೆಯಾಂದ್ರೋ ಅವನನ್ನು ಒಳಗೆ ಕರೆಸಿದ. ಕೂಗಾಡುತ್ತಾನೆ ಅಂದುಕೊಂಡಿದ್ದ ಸಾತೂರಿಯೋ. ಕೂಗಾಡಿದ್ದರೆ ಚೆನ್ನಾಗಿತ್ತು. ಲೆಯಾಂದ್ರೋ ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟು, ಆಮೇಲೆ ಮಾತಾಡಿದ.

"ಉಯಿಲಲ್ಲಿ ಈ ಊರಿನ ಬಡವ ಅಂತಿದೆ ಮಾವ. ಅವ್ನು ಬಡವ, ಆದ್ರೆ ಈ ಊರವ್ನಲ್ಲ. ನೀವು ಈ ಊರವ್ರು, ಆದ್ರೆ ಬಡವ್ರಲ್ಲ, ನೀವೇ ಬಂದು ಹೇಳಿದ್ರಿ. ಅಲ್ಲಿಗೆ ಈ ಊರಲ್ಲಿ ಬಡವರೇ ಇಲ್ಲ ಅಂತಾಯ್ತು. ಸಂತೋಷದ ವಿಷಯ ಅಲ್ವಾ?"

ಸಾತೂರಿಯೋ ನೀರಿನ ಲೋಟ ಮೇಜಿನ ಮೇಲಿಟ್ಟ. ಇಪ್ಪತ್ತೆಂಟು ವರ್ಷ, ಅಂದ. ಹೌದು ಮಾವ, ನಿಮ್ಮಿಂದ ತುಂಬ ಜನ ಬಂದರು ಅಂದ ಲೆಯಾಂದ್ರೋ, ಮತ್ತು ಕಂಬಳಿ ಹೋಟೆಲಿನದು ಅಂತ ನೆನಪಿಸಿದ.

ಮರುದಿನದಿಂದ ಕಿಟಕಿಯ ಮೇಜಿನ ಮೇಲೆ 'ಕಾದಿರಿಸಿದೆ' ಅನ್ನುವ ಹಲಗೆ. ಯೋರ್ದಾನ್ ಒಂದು ವಾರ ಕಟ್ಟೆಯ ಮೇಲೆ ಕೂತು ನೋಡಿದ. ಆಮೇಲೆ ದಕ್ಷಿಣಕ್ಕೆ ಸ್ಟ್ರಾಬೆರಿ ಕೀಳುವ ಕೆಲಸಕ್ಕೆ ಯಾರದೋ ವ್ಯಾನು ಹತ್ತಿದ. ಹೋಗುವ ಮೊದಲು ಸಾತೂರಿಯೋ ಮನೆಯ ಬಾಗಿಲು ತಟ್ಟಿದ. ಉಪಕಾರ ಹೇಳಲು ಬಂದಿರಬೇಕು ಅಂತ ಮುದುಕ ಅವಸರದಲ್ಲಿ ಬಂದು ತೆರೆದ.

"ಅಜ್ಜ, ನೀವು ಸುಮ್ನೆ ಉಂಡಿದ್ರೆ ಒಬ್ರ ಹೊಟ್ಟೆ ಆದ್ರೂ ತುಂಬ್ತಿತ್ತು," ಅಂದ ಯೋರ್ದಾನ್. "ನಾನು ಬೇಸಿಗೆವರೆಗೂ ಅಲ್ಲೇ ಕೂತು ಅವ್ರ ಮರ್ಯಾದೆ ತೆಗೆದು, ಹಿತ್ತಲ ಬಾಗಿಲಲ್ಲಾದ್ರೂ ಒಂದು ತಟ್ಟೆ ಈಸ್ಕೊತಿದ್ದೆ. ಈಗ ಇಬ್ರಿಗೂ ಇಲ್ಲ. ಒಂದು ಹೊತ್ತಿನ ಊಟ ಹಾಕ್ಸಿ ನೀವು ದೊಡ್ಡವ್ರಾದ್ರಿ ಅಷ್ಟೆ."

ಸಿಟ್ಟಿನಿಂದ ಹೇಳಲಿಲ್ಲ. ವ್ಯಾನಿಗೆ ಹೊತ್ತಾಯಿತು ಅಂತ ಹೊರಟುಹೋದ.

ಮಾರ್ಚಿನಲ್ಲಿ ಪ್ರಿಸ್ಕಾ ಬಂದಳು, ಏದುಸಿರು ಬಿಡುತ್ತ. ವಲ್ಯದೋಲಿದ್‌ನಲ್ಲಿ ಈಸ್ಟರ್ ಮೆರವಣಿಗೆಗೆ ಸಂತರ ಮೂರ್ತಿ ಕೆತ್ತುವ ಒಬ್ಬನಿಂದ ಲೆಯಾಂದ್ರೋ ಮರದ ಬಡವನನ್ನು ಮಾಡಿಸಿ ತಂದಿದ್ದಾನೆ ಅಂದಳು. ಗೊಂಬೆಯ ಮುಂದೆ ಮೊದಲ ತಟ್ಟೆ ಇಡಬೇಕಂತೆ. ಹತ್ತು ನಿಮಿಷ ಬಿಟ್ಟು ಎತ್ತಿಕೊಂಡು ಹೋಗಿ, ಮತ್ತೆ ಒಲೆಗೆ ತೋರಿಸಿ, ಏಳನೇ ಮೇಜಿನ ಗಿರಾಕಿಗೆ ಕೊಡಬೇಕಂತೆ. ಪಾದ್ರಿ ಬಂದು ತೀರ್ಥ ಚಿಮುಕಿಸಿ ಹೋದನಂತೆ. ನಲವತ್ತು ವರ್ಷ ಹೊತ್ತ ತಟ್ಟೆ, ಇವತ್ತು ಕೆಳಗಿಟ್ಟು ಬಂದೆ, ಇನ್ನು ಆ ಹೊಸಿಲು ತುಳಿಯಲ್ಲ ಅಂತ ಹೇಳಿ, ಅವನ ಮೆಟ್ಟಿಲ ಮೇಲೆ ಕೂತು ಮಂಡಿ ಒತ್ತಿಕೊಂಡಳು. ಸಾತೂರಿಯೋ ನಂಬಲಿಲ್ಲ. ಸತ್ತವನ ಆತ್ಮದ ವಿಷಯ, ಹಾಗೆಲ್ಲ ಮಾಡುತ್ತಾರಾ ಅಂದ.

ಮಾರನೆಯ ದಿನ ನೋಡಲು ಹೋದ. ಬೆಳಗ್ಗೆ ಎಂದಿನಂತೆ ಬರೀ ಕಾಫಿ ಕುಡಿದಿದ್ದ. ಒಂದು ಗಂಟೆಗೆ ಕಾರಂಜಿಯ ಬಳಿ ನಿಂತ. ಕಿಟಕಿಯ ಹಿಂದೆ ಅವನ ಕುರ್ಚಿಯಲ್ಲಿ ಅವನೇ ಕೂತಿದ್ದ. ಪೋಸ್ಟ್‌ಕಾರ್ಡ್ ನೋಡಿ ಕೆತ್ತಿದ್ದರು: ಅದೇ ಮೂಗು, ಅದೇ ಮೂರು ದಿನದ ಗಡ್ಡ, ಹೆಗಲ ಮೇಲೆ ಅದೇ ಕಂಬಳಿ. ಕೆನ್ನೆ ಮಾತ್ರ ಇವನದಕ್ಕಿಂತ ಒಳಗೆ ಹೋಗಿತ್ತು. ಕಣ್ಣಿನ ಕೆಳಗೆ ಒಂದು ಹನಿ ಗಾಜಿನ ಕಣ್ಣೀರು, ಮಾತೆ ಮೇರಿಯ ಮೂರ್ತಿಗೆ ಅಂಟಿಸುತ್ತಾರಲ್ಲ, ಅಂಥದ್ದು. ಆ ಮೇಜಿನಲ್ಲಿ ಅವನು ಒಂದು ದಿನವೂ ಅತ್ತವನಲ್ಲ. ಮೇಸ್ತ್ರಿ ತಟ್ಟೆ ತಂದಿಟ್ಟ. ಹೊಗೆ ಎದ್ದು ಗಾಜಿನ ಕಣ್ಣು ಮಂಜಾಯಿತು. ಹತ್ತು ನಿಮಿಷದ ನಂತರ ಲೆಯಾಂದ್ರೋ ಬಂದು, ಮರಕ್ಕೆ ತಲೆ ಬಗ್ಗಿಸಿ, ತುಟಿ ಅಲುಗಿಸಿದ. ಜನ ಚಪ್ಪಾಳೆ ತಟ್ಟಿದರು, ಸಾತೂರಿಯೋಗೆ ತಟ್ಟುತ್ತಿದ್ದಷ್ಟೇ ಜೋರಾಗಿ.

ಅವನು ಅಲ್ಲಿಂದ ಹೋಗಲಿಲ್ಲ. ಎಲ್ಲಿಗೆ ಹೋಗಬೇಕು ಅಂತಲೂ ಗೊತ್ತಿರಲಿಲ್ಲ. ಎರಡಾಯಿತು, ಮೂರಾಯಿತು. ಗಾಳಿಗೆ ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮೂರೂವರೆಗೆ ಉಂಡವರು ಹೊರಗೆ ಬರತೊಡಗಿದರು. ಅದರಲ್ಲಿ ಒಬ್ಬ ಹೆಂಗಸು, ಒಳ್ಳೆಯ ಕೋಟು, ಒಳ್ಳೆಯ ಮುಖ, ಕಿಟಕಿಯನ್ನೇ ನೋಡುತ್ತ ನಿಂತ ಈ ಗಡ್ಡದ ಮುದುಕನನ್ನು ಕಂಡಳು. ಗಂಡನ ಕೈಯಲ್ಲಿದ್ದ ರಟ್ಟಿನ ಡಬ್ಬಿ ತೆಗೆದುಕೊಂಡು ಹತ್ತಿರ ಬಂದಳು. ಇವನ ಮುಖಕ್ಕೂ ಗೊಂಬೆಯ ಮುಖಕ್ಕೂ ಇರುವ ಹೋಲಿಕೆ ಅವಳಿಗೆ ಕಾಣಲಿಲ್ಲ.

"ತಗೊಳ್ಳಿ ಅಜ್ಜ, ಇನ್ನೂ ಬಿಸಿ ಇದೆ. ನಮಗೆ ಪೂರ್ತಿ ಖರ್ಚಾಗ್ಲಿಲ್ಲ."

ಬೇಡ ಅನ್ನಬೇಕು ಅಂದುಕೊಂಡ. ನಾನು ಅಂಥವನಲ್ಲ, ನಾನು ಈ ಮನೆಯ— ಅಂತ ನಾಲಿಗೆಯ ತುದಿಗೆ ಬಂತು. ಈ ಮನೆಯ ಏನು ಅಂತ ಹೇಳಬೇಕು? ಅಷ್ಟರಲ್ಲಿ ಡಬ್ಬಿ ಅವನ ಕೈಯಲ್ಲಿತ್ತು, ಹೆಂಗಸು ಬಸ್ಸಿನ ಕಡೆ ಹೋಗಿದ್ದಳು.

ಅದನ್ನು ಹಿಡಿದುಕೊಂಡು ಚರ್ಚಿನ ಹಿಂಬದಿಗೆ ಹೋದ, ಅಲ್ಲಿ ಯಾರೂ ಬರುವುದಿಲ್ಲ. ಬಿಸಾಡಲೆಂದೇ ಹೋದದ್ದು. ಮುಚ್ಚಳ ತೆಗೆದ. ಎರಡು ಪಕ್ಕೆಲುಬು, ಒಂದರ ಮೇಲೆ ಹಲ್ಲಿನ ಗುರುತು. ಅರ್ಧ ಕಚ್ಚಿದ ಬ್ರೆಡ್ಡು. ಮುದುಡಿದ ಒಂದು ಕೈ ಒರೆಸುವ ಕಾಗದ. ಯಾರದೋ ಎಂಜಲು. ಅದೇ ಒಲೆಯ ಮಾಂಸ, ಅದೇ ವಾಸನೆ. ಹೊಟ್ಟೆ ಮಧ್ಯಾಹ್ನ ಒಂದರಿಂದ ಕಾಯುತ್ತಿತ್ತು, ಕೆಲಸ ಹೋಯಿತು ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು ತಿಂದ.